ವರ್ತಕರ ವಾಹನ: ವಾರಂಟಿ, ಹಿಂಪಡೆಯುವಿಕೆ ಮತ್ತು ಪರಿಹಾರದ ದಾರಿ

ಸರಕು ವಾಹನವು ಮೂರು ದಿನ ಗ್ಯಾರೇಜಿನಲ್ಲಿ ನಿಂತರೆ ನಷ್ಟವು ದುರಸ್ತಿಯ ಬಿಲ್ಲಿಗಷ್ಟೇ ಸೀಮಿತವಾಗದು. ಆದರೂ ಬೆಲೆಯಲ್ಲಿ ಚೌಕಾಸಿ ಮಾಡುವ ವರ್ತಕರು ವಾರಂಟಿ ಪುಸ್ತಿಕೆಯನ್ನು ತೆರೆದು ನೋಡುವುದು ಅಪರೂಪ.

ವಾರಂಟಿಗೆ ಅವಧಿ ಮತ್ತು ಕಿಲೋಮೀಟರುಗಳ ಮಿತಿಯುಂಟು. ಸಾಮಾನ್ಯವಾಗಿ ಯಾವುದು ಮೊದಲು ಮುಗಿಯುವುದೋ ಅದೇ ಅನ್ವಯ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡಿನಂತಹ ಸವೆಯುವ ಭಾಗಗಳು ಬಹುತೇಕ ಇದರ ಹೊರಗೆ. ದೋಷವನ್ನು ಬಾಯಿಮಾತಿನಲ್ಲಿ ತಿಳಿಸಿದರೆ ಸಾಲದು. ಜಾಬ್ ಕಾರ್ಡಿನಲ್ಲಿ ದಿನಾಂಕ, ಕಿಲೋಮೀಟರು ಸಹಿತ ಬರೆಯಿಸಿ ಪ್ರತಿ ಪಡೆಯಬೇಕು. 'ಸಾಮಾನ್ಯ ತಪಾಸಣೆ' ಎಂದಷ್ಟೇ ನಮೂದಿಸಿದ ಕಾರ್ಡು ಮುಂದೆ ಮಾಲೀಕನ ಪರ ಸಾಕ್ಷಿ ನುಡಿಯದು.

ಹಿಂಪಡೆಯುವಿಕೆ, ಅಂದರೆ ರೀಕಾಲ್, ಬೇರೆಯೇ ವಿಷಯ. ಪರಿಸರಕ್ಕಾಗಲಿ, ಚಾಲಕನಿಗಾಗಲಿ, ರಸ್ತೆಯ ಇತರರಿಗಾಗಲಿ ಅಪಾಯ ತರುವ ದೋಷವಿದ್ದಲ್ಲಿ ವಾಹನಗಳನ್ನು ಹಿಂಪಡೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು 110ಎ ಕಲಮಿನ ಮೂಲಕ ಕೇಂದ್ರ ಸರ್ಕಾರಕ್ಕೆ ನೀಡಿತು. ಪ್ರಕಟಣೆ ಹೊರಟಾಗ ಚಾಸಿಸ್ ಸಂಖ್ಯೆಯನ್ನು ತಾಳೆ ನೋಡುವುದು ಮಾಲೀಕನ ಮೊದಲ ಕೆಲಸ.

ವಿವಾದ ಬಗೆಹರಿಯದಿದ್ದರೆ? ವರ್ತಕರು ಎಡವುವುದು ಇಲ್ಲಿಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡವರಿಗೆ ಮಾತ್ರ ವಿನಾಯಿತಿ. ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ, ಬಾಡಿಗೆಗೆ ಟ್ರಕ್ಕನ್ನು ತಾನೇ ಓಡಿಸುವವನು ಗ್ರಾಹಕನೆಂದು ಹೇಳಿತ್ತು. ಸಂಬಳದ ಚಾಲಕರನ್ನಿಟ್ಟು ಹಲವು ಲಾರಿ ನಡೆಸುವ ಸಂಸ್ಥೆಗೆ ಬಹುಮಟ್ಟಿಗೆ ಸಿವಿಲ್ ನ್ಯಾಯಾಲಯವೇ ದಾರಿ.

ಗ್ರಾಹಕ ಆಯೋಗಕ್ಕೆ ಹೋಗುವವರಿಗೆ ವ್ಯಾಜ್ಯಕಾರಣ ಉಂಟಾದ ದಿನದಿಂದ 2 ವರ್ಷಗಳ ಕಾಲಮಿತಿಯಿದೆ. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಆಯೋಗ ಮನ್ನಿಸಬಹುದು. ಸರ್ವೀಸ್ ಕೇಂದ್ರದವರು 'ಮುಂದಿನ ವಾರ' ಎಂದು ಹೇಳುತ್ತ ಹೋದದ್ದು ಅಂಥ ಕಾರಣವೆಂದು ನಂಬಿ ಕೂರುವಂತಿಲ್ಲ.