ಫಾರ್ಮ್ 2553 ತಡವಾಯಿತೇ? ರಾಜ್ಯದ ಕಡೆಗೂ ನೋಡಿ

ಅಮೆರಿಕದಲ್ಲಿ ಸಣ್ಣ ಕಾರ್ಪೊರೇಷನ್ ತೆರೆದು ಎರಡು ಮೂರು ರಾಜ್ಯಗಳಲ್ಲಿ ವ್ಯವಹಾರ ನಡೆಸುತ್ತಿರುವವರೇ, ಎಸ್ ಕಾರ್ಪೊರೇಷನ್ ಆಯ್ಕೆಯ ಗಡುವು ತಪ್ಪಿತೆಂದು ಕೈಚೆಲ್ಲಬೇಡಿ. ಜನವರಿಯಿಂದ ವರ್ಷ ಎಣಿಸುವ ಕಂಪನಿ ಫಾರ್ಮ್ 2553ನ್ನು ಮಾರ್ಚ್ 15ರೊಳಗೆ ಕೊಡಬೇಕು, ನಿಜ. ಆದರೆ ಐಆರ್‌ಎಸ್‌ನ 2013-30ನೇ ಕಾರ್ಯವಿಧಾನದಡಿ, ಆಯ್ಕೆ ಜಾರಿಯಾಗಬೇಕಿದ್ದ ದಿನದಿಂದ ಸಾಮಾನ್ಯವಾಗಿ 3 ವರ್ಷ 75 ದಿನಗಳವರೆಗೆ ತಡವನ್ನು ಮನ್ನಿಸುವಂತೆ ಕೇಳಬಹುದು. ಒಪ್ಪುವಂಥ ಕಾರಣ ಬರೆಯಿರಿ, ಷೇರುದಾರರೆಲ್ಲರ ಸಹಿ ಹಾಕಿಸಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಂಥ ಕಡೆ ದಂಪತಿಯ ಆಸ್ತಿ ಇಬ್ಬರದೂ ಆಗುವುದರಿಂದ, ‘ಷೇರು ನನ್ನ ಹೆಸರಲ್ಲೇ ಇದೆಯಲ್ಲ’ ಎಂದು ಸಂಗಾತಿಯ ಸಹಿ ಬಿಟ್ಟರೆ ಅರ್ಜಿ ಕುಂಟುತ್ತದೆ. ಇನ್ನು ಬೆಂಗಳೂರಿನಲ್ಲೇ ಇರುವ, ಅಮೆರಿಕದ ಪೌರರಲ್ಲದ ಅಪ್ಪನ ಹೆಸರಿಗೆ ನಾಲ್ಕು ಷೇರು ಬರೆದಿದ್ದರೆ ಕಂಪನಿಗೆ ಎಸ್ ಕಾರ್ಪೊರೇಷನ್ ಆಗುವ ಅರ್ಹತೆಯೇ ಇಲ್ಲ. ಅದು ತಡದ ಪ್ರಶ್ನೆಯಲ್ಲ.

‘ಐಆರ್‌ಎಸ್ಸೇ ಒಪ್ಪಿದ ಮೇಲೆ ರಾಜ್ಯದ್ದೇನು ತಕರಾರು?’ ಎನ್ನುತ್ತೀರಿ. ಬಹಳಷ್ಟು ರಾಜ್ಯಗಳ ಮಟ್ಟಿಗೆ ನಿಮ್ಮ ಮಾತು ಸರಿ, ಅದಕ್ಕೇ ಜನ ಎಡವುವುದು. ನ್ಯೂಯಾರ್ಕ್ ರಾಜ್ಯ ಸಿಟಿ-6 ಎಂಬ ತನ್ನದೇ ಅರ್ಜಿ ಕೇಳುತ್ತದೆ; ನ್ಯೂಯಾರ್ಕ್ ನಗರವಂತೂ ಎಸ್ ಸ್ಥಾನವನ್ನೇ ಮಾನ್ಯ ಮಾಡುವುದಿಲ್ಲ. ಕ್ಯಾಲಿಫೋರ್ನಿಯಾ ಮಾನ್ಯ ಮಾಡಿಯೂ ನಿವ್ವಳ ಆದಾಯದ ಶೇ. 1.5ರಷ್ಟನ್ನು ಕಂಪನಿಯಿಂದಲೇ ವಸೂಲಿ ಮಾಡುತ್ತದೆ. ಲೆಕ್ಕಪರಿಶೋಧಕರು ನೋಡಿಕೊಳ್ಳುತ್ತಾರೆ ಬಿಡಿ ಎನ್ನಬಹುದು; ಆದರೆ ಯಾವ ರಾಜ್ಯದಲ್ಲಿ ನಿಮ್ಮ ನೌಕರ ಕೂತಿದ್ದಾನೆ, ಎಲ್ಲಿ ಗೋದಾಮಿದೆ ಎಂಬ ಪಟ್ಟಿಯನ್ನು ಅವರ ಕೈಗೆ ಕೊಡಬೇಕಾದವರು ನೀವೇ. 2553 ಕಳಿಸುವ ದಿನವೇ ಆ ಪಟ್ಟಿಯನ್ನೂ ಕೊಡಿ.