ಕಾಚಿಗೂಡದಲ್ಲಿ ಇಳಿದವರಿಗೆ ಗನ್‌ಫೌಂಡ್ರಿಯ ಪ್ರಧಾನಾಲಯ

ಮೈಸೂರು, ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದವರು ಬೆಳಿಗ್ಗೆ ಕಣ್ಣುಜ್ಜುತ್ತ ಇಳಿಯುವುದು ಹೆಚ್ಚಾಗಿ ಹೈದರಾಬಾದಿನ ಕಾಚಿಗೂಡದಲ್ಲಿ. ಆಮೇಲೆ ಎಲ್ಲರದೂ ಒಂದೇ ಪಟ್ಟಿ: ಚಾರ್‌ಮಿನಾರ್, ಗೋಲ್ಕೊಂಡ, ಬಿರಿಯಾನಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ನಿಲ್ದಾಣದಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ಗನ್‌ಫೌಂಡ್ರಿಯಲ್ಲಿ ಸಂತ ಜೋಸೆಫರ ಪ್ರಧಾನಾಲಯವಿದೆ. ಅದಕ್ಕೆ ಮೊದಲ ಬೆಳಗನ್ನು ಕೊಡಿ.

ಹೊರಡುವ ಮುನ್ನ ಕಾಚಿಗೂಡ ನಿಲ್ದಾಣವನ್ನೇ ಒಮ್ಮೆ ಹೊರಗೆ ನಿಂತು ನೋಡಿ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1916ರಲ್ಲಿ, ನಿಜಾಮರ ರೈಲ್ವೆಗಾಗಿ ಕಟ್ಟಿದ್ದು. ಸುತ್ತಲ ಬಡಾವಣೆಯಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇರುವುದು ಈ ಕಾಚಿಗೂಡದಲ್ಲೇ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಒಂದು ಕಾಲಕ್ಕೆ ಹೈದರಾಬಾದೇ ರಾಜಧಾನಿ ತಾನೇ!

ಆಟೋದವನಿಗೆ ಬರೀ ‘ಸೇಂಟ್ ಜೋಸೆಫ್’ ಎನ್ನಬೇಡಿ. ಅದೇ ಹೆಸರಿನ ಶಾಲೆ ಕಿಂಗ್ ಕೋಠಿಯಲ್ಲಿದೆ, ಅಲ್ಲಿಗೆ ಒಯ್ದುಬಿಟ್ಟಾನು. ‘ಗನ್‌ಫೌಂಡ್ರಿ, ಚಾಪೆಲ್ ರೋಡ್, ರೋಸರಿ ಕಾನ್ವೆಂಟ್ ಪಕ್ಕದ ಚರ್ಚ್’ ಎಂದರೆ ಗೊಂದಲವಿಲ್ಲ. ಮೆಟ್ರೋದಲ್ಲಿ ಬರುವವರು ನಾಂಪಲ್ಲಿಯಲ್ಲೋ ಸುಲ್ತಾನ್ ಬಜಾರಿನಲ್ಲೋ ಇಳಿಯಬಹುದು. ಎಲ್ಲಿ ಇಳಿದರೂ ಮುಂದೆ ಒಂದಿಷ್ಟು ನಡಿಗೆ ತಪ್ಪದು. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಮಾತ್ರ ಆ ಕಡೆ ಸುಳಿಯಬೇಡಿ. ಶಾಲೆಗಳ ಬೀದಿ ಅದು, ಆಟೋ ಒಂದಿಂಚೂ ಕದಲುವುದಿಲ್ಲ.

ಕೋಠಿಯ ದಾರಿ ಹಿಡಿದರೆ ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ಆವರಣ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಆ ಬಂಗಲೆ ಈಗ ಮಹಿಳಾ ವಿಶ್ವವಿದ್ಯಾಲಯದ ಪಾಲು. ಅದನ್ನು ನೋಡಿ ಮುಂದೆ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ‘ಬ್ರಿಟಿಷರ ಕಾಲದ ಚರ್ಚ್’ ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ಕಾಲವೇನೋ ಅದೇ. ಆದರೆ ಹೈದರಾಬಾದಿನಲ್ಲಿ ಆಳುತ್ತಿದ್ದವರು ನಿಜಾಮರು. ಬ್ರಿಟಿಷರಿಗೆ ಇದ್ದದ್ದು ಕೋಠಿಯ ರೆಸಿಡೆನ್ಸಿ, ಸಿಕಂದರಾಬಾದಿನ ದಂಡು. ದಂಡಿನ ಚರ್ಚ್ ನೋಡಬೇಕೆಂದರೆ ಸಿಕಂದರಾಬಾದಿಗೇ ಹೋಗಬೇಕು. ಅಲ್ಲಿನ ಸೇಂಟ್ ಜಾನ್ಸ್ 1813ರದು. ಗನ್‌ಫೌಂಡ್ರಿಯದು ಮುಸ್ಲಿಂ ದೊರೆಯ ನಗರದಲ್ಲಿ ಮಿಲಾನಿನಿಂದ ಬಂದ ಇಟಾಲಿಯನ್ ಪಾದ್ರಿಗಳು ಎಬ್ಬಿಸಿದ ಕಟ್ಟಡ. ಬಡಾವಣೆಯ ಹೆಸರಿನ ಹಿಂದೆ ಇರುವವನು ಫ್ರೆಂಚ್ ದಂಡನಾಯಕ ರೇಮೊಂ. ನಿಜಾಮರಿಗಾಗಿ ಅವನು ಇಲ್ಲಿ ಫಿರಂಗಿ ಎರಕ ಹೊಯ್ಯಿಸುತ್ತಿದ್ದ. ಹಳಬರ ಬಾಯಲ್ಲಿ ಅದು ‘ತೋಪ್ ಕಾ ಸಾಂಚಾ’.

ಚರ್ಚಿನ ಅಡಿಗಲ್ಲು ಬಿದ್ದದ್ದು 1870ರಲ್ಲಿ, ಒಳಗೆ ಪೂಜೆ ಆರಂಭವಾದದ್ದು 1875ರ ಕ್ರಿಸ್‌ಮಸ್‌ಗೆ. 1886ರಲ್ಲಿ ಹೈದರಾಬಾದ್ ಧರ್ಮಪ್ರಾಂತವಾಯಿತು, ಇದು ಬಿಷಪ್ಪರ ಪೀಠವಿರುವ ಪ್ರಧಾನಾಲಯವಾಯಿತು. ಎದುರಿನಿಂದ ಕಾಣುವ ಜೋಡಿ ಗೋಪುರದ ಮುಖ ಮುಗಿದದ್ದು ಮಾತ್ರ 1891ಕ್ಕೆ. ಮರುವರ್ಷ ಇಟಲಿಯ ಗಂಟೆಗಳು ಬಂದವು. ಅಂದರೆ ನೀವು ಫೋಟೊ ತೆಗೆಯುವ ಭಾಗವೇ ಎಲ್ಲಕ್ಕಿಂತ ತಡವಾಗಿ ಆದದ್ದು. ಅಷ್ಟು ವರ್ಷ ಜನ ಅರ್ಧ ಕಟ್ಟಿದ ಚರ್ಚಿನಲ್ಲೇ ಮೊಣಕಾಲೂರಿದರು.

ಒಳಗೆ ಹೋಗುವುದಕ್ಕೆ ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಫೋನು ಸದ್ದಡಗಿರಲಿ. ಚಪ್ಪಲಿಯ ವಿಷಯದಲ್ಲಿ ಅಲ್ಲಿದ್ದವರು ಏನು ಮಾಡುತ್ತಾರೋ ನೋಡಿ, ಹಾಗೇ ಮಾಡಿ. ಭಾನುವಾರ ಇಂಗ್ಲಿಷ್, ತೆಲುಗು ಬಲಿಪೂಜೆಗಳು ಒಂದರ ಹಿಂದೊಂದು ನಡೆಯುತ್ತವೆ. ಹೊತ್ತನ್ನು ಬಾಗಿಲ ಬಳಿಯ ಫಲಕದಲ್ಲಿ ನೋಡಿಕೊಳ್ಳಿ. ಪೂಜೆಯ ನಡುವೆ ಬಂದರೆ ಹಿಂದಿನ ಬೆಂಚಿನಲ್ಲಿ ಕುಳಿತುಬಿಡಿ. ಜನ ಎದ್ದಾಗ ಏಳಿ, ಸಾಕು.

ನಮ್ಮವರು ಎಡವುವುದು ಒಂದೇ ಕಡೆ. ಪರಮಪ್ರಸಾದಕ್ಕೆ ಸಾಲು ನಿಂತದ್ದು ಕಂಡೊಡನೆ ಗುಡಿಯ ತೀರ್ಥಪ್ರಸಾದದಂತೆ ಇದೂ ಎಲ್ಲರಿಗೂ ಎಂದುಕೊಂಡು ಎದ್ದುಬಿಡುತ್ತಾರೆ. ಅದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ ಮಾತ್ರ. ಕುಳಿತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಫೋಟೊ ಬೇಕಿದ್ದರೆ ಪೂಜೆ ಮುಗಿದ ಮೇಲೆ, ಕೇಳಿ ತೆಗೆಯಿರಿ. ಮೊಣಕಾಲೂರಿ ಕುಳಿತವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಎಲ್ಲಿಯೂ ಸಲ್ಲ.

ನನ್ನನ್ನು ಕೇಳಿದರೆ ವಾರದ ದಿನದ ಬೆಳಿಗ್ಗೆಯೇ ಲೇಸು, ಕಟ್ಟಡ ಪೂರ್ತಿ ಕಣ್ಣಿಗೆ ದಕ್ಕುತ್ತದೆ. ಜನರನ್ನೂ ನೋಡಬೇಕೆನ್ನುವವರು ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೋ ಕ್ರಿಸ್‌ಮಸ್ ರಾತ್ರಿಗೋ ಬರಲಿ. ಕ್ರಿಸ್‌ಮಸ್‌ನಲ್ಲಿ ಕೂರಲು ಜಾಗ ಸಿಗುವ ಆಸೆ ಮಾತ್ರ ಬೇಡ. ಗಂಟೆ ಕೇಳಲೆಂದು ಶುಭ ಶುಕ್ರವಾರ ಬಂದರೆ ಪ್ರಯೋಜನವಿಲ್ಲ: ಹಿಂದಿನ ದಿನದ ಸಂಜೆಯ ಪೂಜೆಯಿಂದ ಈಸ್ಟರ್ ಜಾಗರಣೆಯವರೆಗೆ ಗಂಟೆಗಳಿಗೆ ಮೌನ.

ಆದರೂ ಭಾನುವಾರಕ್ಕೆ ಒಂದು ಲಾಭವಿದೆ. ಹತ್ತಿರದ ಅಬಿಡ್ಸಿನಲ್ಲಿ ಅಂದು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಫುಟ್‌ಪಾತಿನ ತುಂಬ ಹಳೆಯ ಪುಸ್ತಕ. ಚೌಕಾಸಿ ಮಾಡದೆ ಕೊಳ್ಳಬೇಡಿ. ಹಸಿವಾದರೆ ಅಬಿಡ್ಸಿನ ತಾಜ್ ಮಹಲ್ ಹೋಟೆಲಿನಲ್ಲಿ ಇಡ್ಲಿ, ದೋಸೆ ಸಿಗುತ್ತದೆ. ಮೊಝಂ ಜಾಹಿ ಮಾರುಕಟ್ಟೆಗೆ ಹೋದರೆ ಕರಾಚಿ ಬೇಕರಿಯ ಹಣ್ಣಿನ ಬಿಸ್ಕತ್ತು ಊರಿಗೂ ಕಟ್ಟಿಸಿಕೊಳ್ಳಬಹುದು.

ಯಾರಾದರೂ ‘ಹೈದರಾಬಾದಿನ ದೊಡ್ಡ ಚರ್ಚ್ ನೋಡಿದಿರಾ?’ ಎಂದು ಕೇಳಿದರೆ ಅವರ ಮನಸ್ಸಿನಲ್ಲಿರುವುದು ಬಹುಶಃ ಮೆದಕ್. ಪ್ರೊಟೆಸ್ಟೆಂಟರ ಆ ಕೆಥೆಡ್ರಲ್ 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠೆಯಾದದ್ದು, ನಗರದಿಂದ ಸುಮಾರು ನೂರು ಕಿಲೋಮೀಟರ್ ದೂರ. ಸಂಜೆ ಕಾಚಿಗೂಡದಲ್ಲಿ ಊರಿನ ರೈಲು ಹಿಡಿಯಬೇಕಿದ್ದರೆ ಅಂದೇ ಅಲ್ಲಿಗೆ ಹೋಗಿಬರುವ ಸಾಹಸ ಬೇಡ, ಅದಕ್ಕೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ.