ಪ್ರಸಂಗ ತಿಳಿದು ಅರ್ಥ ಕೇಳುವುದು

ಉಳ್ಳಾಲ ದಾಟಿ ರೈಲು ನೇತ್ರಾವತಿ ಸೇತುವೆ ಹತ್ತಿದ ಕೂಡಲೇ ಕಿವಿಯೊಳಗಿನ ಮಾತು ಮುಳುಗಿಬಿಡುತ್ತದೆ. ಗಾಲಿ, ಕಬ್ಬಿಣ, ಬಾಗಿಲಲ್ಲಿ ನಿಂತವರ ಹರಟೆ ಎಲ್ಲ ಸೇರಿ ಒಂದೇ ಸದ್ದು. ಸೇತುವೆ ಮುಗಿಯುವವರೆಗೆ ಹೊಳೆ ನೋಡುತ್ತೇನೆ. ಆಮೇಲೆ ಹಿಂದಕ್ಕೆ ಹೋಗುವ ಗುಂಡಿಯನ್ನು ಎರಡು ಸಲ ಒತ್ತಿ, ಮುಳುಗಿಹೋದದ್ದನ್ನು ಮತ್ತೆ ಕೇಳುತ್ತೇನೆ. ಮಂಜೇಶ್ವರದ ಮನೆಯಿಂದ ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪೆನಿಗೆ ಸೀಸನ್ ಟಿಕೇಟಿನಲ್ಲಿ ಓಡಾಡಲು ಶುರುಮಾಡಿದ್ದು 2015ರಲ್ಲಿ. ದಾರಿ ಅರ್ಧ ಗಂಟೆಯದು; ಸೆಂಟ್ರಲ್ ನಿಲ್ದಾಣದ ಹೊರಗೆ ಸಿಗ್ನಲ್‌ಗೆ ನಿಂತರೆ ಮುಕ್ಕಾಲು ಗಂಟೆ. ಕಾಲೇಜು ಕಲಿಸದ ಎಷ್ಟೋ ಸಂಗತಿಗಳನ್ನು ನಾನು ಕಲಿತದ್ದು ಈ ಅರ್ಧ ಗಂಟೆಯಲ್ಲಿ, ಪಾಡ್‌ಕಾಸ್ಟ್ ಕೇಳುತ್ತ. ಒಂದು ದೊಡ್ಡ ತಪ್ಪನ್ನು ಮಾಡಿದ್ದೂ ಅದನ್ನೇ ಕೇಳಿ.

ಕೇಳಲು ಶುರುಮಾಡಿದ್ದು ಜ್ಞಾನದ ಆಸೆಯಿಂದಲ್ಲ, ಭಯದಿಂದ. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಕೇರಳದ ಪಠ್ಯಕ್ರಮದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೊಸಂಗಡಿಯ ಅಂಗಡಿಯಲ್ಲಿ ಮಲಯಾಳ. ಕಂಪ್ಯೂಟರಿನ ವಿಷಯದಲ್ಲಿ ನಮ್ಮ ಶಾಲೆಗಳ ಮಕ್ಕಳು ಹಿಂದೆ ಬಿದ್ದವರಲ್ಲ. ಕೇರಳ ಸರಕಾರ ಐಟಿ@ಸ್ಕೂಲ್ ಯೋಜನೆ ತಂದದ್ದು 2001ರಲ್ಲಿ. 2017ರಲ್ಲಿ ಅದೇ ‘ಕೈಟ್’ ಆಯಿತು. ಊರ ಸರಕಾರಿ ಶಾಲೆಯ ಲ್ಯಾಬಿನಲ್ಲಿ ಗ್ನು/ಲಿನಕ್ಸ್ ಇತ್ತು. ಹತ್ತನೆಯ ತರಗತಿಯಲ್ಲೇ ನಾನು ಟರ್ಮಿನಲ್ ತೆರೆದು ಕೂತವನು. ಇಂಗ್ಲಿಷ್ ಓದಲು ಬರುತ್ತಿತ್ತು, ಬರೆಯಲೂ ಬರುತ್ತಿತ್ತು. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರ ಹೊರದೇಶದ ಗ್ರಾಹಕರ ಜತೆಗಿನ ಕರೆಯಲ್ಲಿ ನನಗೆ ಅರ್ಧ ಮಾತೂ ತಿಳಿಯಲಿಲ್ಲ. ಅದೇ ಕರೆಯಲ್ಲಿ ನಾನು ‘ಕ್ಯಾಶ್’ ಎನ್ನಬೇಕಾದ ಪದವನ್ನು ‘ಕ್ಯಾಚೆ’ ಎಂದೆ. ಐದು ವರ್ಷ ಆ ಪದವನ್ನು ಕಣ್ಣಿನಿಂದ ಓದಿದ್ದೆ. ಒಬ್ಬರ ಬಾಯಿಂದಲೂ ಕೇಳಿರಲಿಲ್ಲ. ಆ ಕಡೆಯವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಎರಡು ತಿಂಗಳು ಯಾವ ಕರೆಯಲ್ಲೂ ನಾನು ಬಾಯಿ ಬಿಡಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಂದಿ ಹೀಗೆ ಮೌನವಾಗಿರುವುದನ್ನು ಆಮೇಲೂ ಕಂಡಿದ್ದೇನೆ. ಅವರಿಗೆ ಕೊರತೆಯಿದ್ದದ್ದು ಬುದ್ಧಿಗಲ್ಲ, ಕಿವಿಗೆ.

ಹಿರಿಯ ಸಹೋದ್ಯೋಗಿಯೊಬ್ಬರು ‘ಸಾಫ್ಟ್‌ವೇರ್ ಎಂಜಿನಿಯರಿಂಗ್ ರೇಡಿಯೋ’ ಕೇಳು ಎಂದರು. 2006ರಲ್ಲಿ ಮಾರ್ಕಸ್ ಫೋಲ್ಟರ್ ಶುರುಮಾಡಿದ್ದು, 2012ರಿಂದ ‘ಐಇಇಇ ಸಾಫ್ಟ್‌ವೇರ್’ ಪತ್ರಿಕೆಯ ಆಶ್ರಯದಲ್ಲಿ ನಡೆಯುತ್ತಿದೆ. ಒಬ್ಬ ಪರಿಣತ, ಒಬ್ಬ ಪ್ರಶ್ನೆ ಕೇಳುವವ, ಒಂದು ಗಂಟೆಯ ಮಾತು, ನಗೆಯಿಲ್ಲ, ಸಂಗೀತವಿಲ್ಲ. ಹೊಸಬರಿಗೆ ಒಣ ಎನಿಸಬಹುದು. ಆದರೆ ಕಿವಿ ಪಳಗಿಸಲು ಅದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಮಾತು ನಿಧಾನ, ಉಚ್ಚಾರ ಸ್ಪಷ್ಟ, ಪದಗಳೆಲ್ಲ ನಮ್ಮ ಕೆಲಸದವು. ರಾತ್ರಿ ಮನೆಯ ವೈಫೈಯಲ್ಲಿ ಇಳಿಸಿಕೊಳ್ಳುತ್ತಿದ್ದೆ. ಗಡಿಯ ಊರು ನೋಡಿ, ಫೋನು ಒಂದು ಗಳಿಗೆ ಕೇರಳದ ಟವರ್ ಹಿಡಿದರೆ ಇನ್ನೊಂದು ಗಳಿಗೆ ಕರ್ನಾಟಕದ್ದು ಹಿಡಿಯುತ್ತದೆ. ದಾರಿಯಲ್ಲಿ ನೆಟ್ ನಂಬಿ ಕೂತರೆ ಆಗುವುದಿಲ್ಲ. ಮಾತಿನ ಲಿಖಿತ ಪ್ರತಿ ಸಿಕ್ಕಿದರೆ ಮಲಗುವ ಮೊದಲು ಓದುತ್ತಿದ್ದೆ, ಬೆಳಗ್ಗೆ ಅದನ್ನೇ ವೇಗ ಇಳಿಸಿ ಕೇಳುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ವೇಗ ಇಳಿಸುವುದು ಬೇಡವಾಯಿತು. ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಗೆಳೆಯರಿದ್ದಾರೆ. ನಾನು ಇವತ್ತಿಗೂ ಹಾಗೆ ಕೇಳುವುದಿಲ್ಲ. ಬಲ್ಲವರು ಉತ್ತರ ಕೊಡುವ ಮುಂಚೆ ಎಷ್ಟು ಹೊತ್ತು ತಡೆಯುತ್ತಾರೆ ಎಂಬುದರಲ್ಲೂ ತಿಳಿಯುವ ವಿಷಯ ಉಂಟು.

ಕಿವಿ ತೆರೆದ ಮೇಲೆ ಹಸಿವು ಹೆಚ್ಚಿತು. 2009ರಿಂದ ನಡೆಯುತ್ತಿರುವ ‘ದಿ ಚೇಂಜ್‌ಲಾಗ್’ನಲ್ಲಿ ಮುಕ್ತ ತಂತ್ರಾಂಶ ಕಟ್ಟಿದವರ ಮಾತು. ಮೈಕಲ್ ಕೆನಡಿಯವರ ‘ಟಾಕ್ ಪೈಥಾನ್’, ವೆಬ್ ಕೆಲಸದವರಿಗೆ ‘ಸಿಂಟ್ಯಾಕ್ಸ್’. ದಿನಕ್ಕೆ ಎರಡು, ಮೂರು ಕೇಳಿದ್ದೂ ಉಂಟು. ಎಡವಿದ್ದು ಆ ಹೊತ್ತಿನಲ್ಲೇ.

ಮಂಗಳೂರಿನ ಬಂದರು ಪ್ರದೇಶದ ಒಬ್ಬ ಸಗಟು ವ್ಯಾಪಾರಿಯ ಗೋದಾಮಿಗೆ ನಾವು ದಾಸ್ತಾನಿನ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಬಳಸುವವರು ಹನ್ನೊಂದು ಜನ. ಆ ವರ್ಷ ನಾನು ಕೇಳಿದ ಪಾಡ್‌ಕಾಸ್ಟ್‌ಗಳಲ್ಲೆಲ್ಲ ಮೈಕ್ರೋಸರ್ವೀಸ್‌ನದ್ದೇ ಮಾತು: ಒಂದು ದೊಡ್ಡ ಪ್ರೋಗ್ರಾಮನ್ನು ಹಲವು ಚಿಕ್ಕ ಸೇವೆಗಳಾಗಿ ಒಡೆದು, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಓಡಿಸುವ ಕ್ರಮ. ಹೇಳಿದವರೆಲ್ಲ ನೂರಾರು ಎಂಜಿನಿಯರುಗಳಿರುವ ಕಂಪೆನಿಗಳವರು. ಚೆನ್ನಾಗಿ ಹೇಳಿದರು; ಸುಳ್ಳು ಹೇಳಲಿಲ್ಲ. ನಾನು ಕಚೇರಿಗೆ ಬಂದು, ಕೇಳಿದ ವಾದವನ್ನೇ ಮಂಡಿಸಿ, ಎಲ್ಲರನ್ನೂ ಒಪ್ಪಿಸಿ, ಗೋದಾಮಿನ ಲೆಕ್ಕವನ್ನು ಆರು ಸೇವೆಗಳಾಗಿ ಒಡೆದೆ. ಬಿಲ್ಲಿಗೊಂದು, ದಾಸ್ತಾನಿಗೊಂದು, ಗಿರಾಕಿಗಳ ಖಾತೆಗೊಂದು, ಹೀಗೆ.

2019ರ ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂತು. ಬಿಲ್ಲಿನ ಸೇವೆ ಎದ್ದಿತು, ದಾಸ್ತಾನಿನದ್ದು ಏಳಲಿಲ್ಲ. ಮರುದಿನ ಮಧ್ಯಾಹ್ನದವರೆಗೆ ಬಿಲ್ಲುಗಳು ಹೋಗುತ್ತಲೇ ಇದ್ದವು, ದಾಸ್ತಾನು ಇಳಿಯಲೇ ಇಲ್ಲ. ಇಲ್ಲದ ಸರಕು ಇದೆಯೆಂದು ಪರದೆ ಹೇಳುತ್ತಿತ್ತು. ಸರಿಮಾಡಲು ಒಂದೇ ದಾರಿ, ಕೈಯಲ್ಲಿ ಎಣಿಸುವುದು. ಮೂರು ರಾತ್ರಿ ನಾನು ಗೋದಾಮಿನ ಹುಡುಗರ ಜತೆ ನಿಂತು ಮೂಟೆ ಎಣಿಸಿದೆ. ಒಣಮೆಣಸಿನ ಸಾಲಿಗೆ ಬಂದಾಗ ಕಣ್ಣು ಮೂಗು ಎರಡೂ ಉರಿ; ಒಬ್ಬ ಎಣಿಸುವುದು, ಇನ್ನೊಬ್ಬ ಹೊರಗೆ ಹೋಗಿ ಉಸಿರೆಳೆದು ಬರುವುದು, ಮತ್ತೆ ಎಣಿಕೆ. ಮುದುಕ ಗುಮಾಸ್ತರೊಬ್ಬರು ಹಳೆಯ ಉದ್ದ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದ ಲೆಕ್ಕವೇ ಕೊನೆಗೆ ನಮ್ಮನ್ನು ಉಳಿಸಿತು.

ಯಾರೂ ನನ್ನನ್ನು ಬೈಯಲಿಲ್ಲ. ಆದರೆ ನಾನು ಎಲ್ಲಿ ತಪ್ಪಿದೆ ಎಂಬುದು ಎಷ್ಟೋ ದಿನ ನನಗೇ ತಿಳಿಯಲಿಲ್ಲ. ಕೇಳಿದ ಮಾತು ಸರಿಯಾಗಿಯೇ ಇತ್ತಲ್ಲ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ತಲಪಾಡಿಯ ಗಡಿ ಮುಚ್ಚಿತು, ರೈಲು ನಿಂತಿತು. ನಾನು ಪೈವಳಿಕೆಯಲ್ಲಿರುವ ಅಮ್ಮನ ತವರಿನಲ್ಲಿ ಸಿಕ್ಕಿಬಿದ್ದೆ. ಅಡಿಕೆ ಸುಲಿಯುವ ಕಾಲ, ಆಳುಗಳು ಬರುವಂತಿಲ್ಲ. ಮನೆಯವರೇ ಜಗಲಿಯಲ್ಲಿ ಸಾಲಾಗಿ ಕೂತು ಒಣಗಿದ ಚಾಲಿ ಸುಲಿದೆವು. ಆ ಜಗಲಿಗೆ ಮಾತಿನ ಅಭ್ಯಾಸ ಹಳೆಯದು. ನಾನು ಸಣ್ಣವನಿದ್ದಾಗ ಅಜ್ಜ ಟೇಪ್ ರೆಕಾರ್ಡರಿನಲ್ಲಿ ತಾಳಮದ್ದಳೆಯ ಕ್ಯಾಸೆಟ್ ಹಾಕುತ್ತಿದ್ದರು; ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಶೇಣಿ ಮತ್ತು ಸಾಮಗರ ಜೋಡಿಯ ಕೂಟಗಳು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮತ್ತು ‘ಅರ್ಥ’ ಎನ್ನುವ ಮಾತು ಮಾತ್ರ. ಕೈ ಸುಲಿಯುತ್ತಿರುತ್ತದೆ, ಕಿವಿ ಕೇಳುತ್ತಿರುತ್ತದೆ. ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ ಎನ್ನುತ್ತಾರೆ. ಆ ಕೆಲಸ ಮಾತ್ರ ನಮ್ಮ ಕಡೆಯ ಜಗಲಿಗಳಿಗೆ ಅದಕ್ಕಿಂತ ಎಷ್ಟೋ ಮೊದಲೇ ಗೊತ್ತಿತ್ತು.

“ಎಂತ ಕೇಳುದು ನೀನು ಯಾವಾಗಲೂ ಕಿವಿಗೆ ಸಿಕ್ಕಿಸಿಕೊಂಡು?” ಎಂದು ಅಜ್ಜ ಕೇಳಿದರು. ಹೇಳುತ್ತ ಹೇಳುತ್ತ ಗೋದಾಮಿನ ಕಥೆಯೂ ಬಂತು. ಅಜ್ಜ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಅಲ್ಲಿ ಎಷ್ಟು ಜನ ಉಂಟು, ಆ ಮಾತಾಡಿದವರ ಹತ್ತಿರ?” ಎಂದರು. ಸಾವಿರದ ಮೇಲೆ ಇರಬಹುದು ಎಂದೆ. “ನಿಮ್ಮಲ್ಲಿ?” ನಾವು ನಾಲ್ಕು ಜನ. ಅಜ್ಜ ಅದಕ್ಕೆ ಏನೂ ಹೇಳದೆ ಹಳೆಯ ಒಂದು ಕೂಟದ ಸಂಗತಿ ತೆಗೆದರು. ಹುಡುಗನೊಬ್ಬ ಶೇಣಿಯವರ ವಾಲಿಯ ಅರ್ಥವನ್ನು ಕ್ಯಾಸೆಟ್ ಕೇಳಿ ಕೇಳಿ ಬಾಯಿಪಾಠ ಮಾಡಿ ಬಂದಿದ್ದನಂತೆ. ಒಂದಕ್ಷರ ತಪ್ಪಿಲ್ಲ. ಆದರೆ ಎದುರು ಕೂತ ರಾಮ ಆ ಕ್ಯಾಸೆಟಿನ ರಾಮನಲ್ಲ; ಇವನು ಬೇರೆ ಪ್ರಶ್ನೆ ಕೇಳಿದ. ಹುಡುಗ ಕ್ಯಾಸೆಟಿನ ಉತ್ತರವನ್ನೇ ಹೇಳಿದ. ಸಭೆಗೆ ತಲೆಬುಡ ತಿಳಿಯಲಿಲ್ಲ. “ಒಳ್ಳೆ ಮಾತೇ ಮಾರಾಯ,” ಎಂದರು ಅಜ್ಜ, “ಆದ್ರೆ ಅವತ್ತು ಕೇಳಿದ ಪ್ರಶ್ನೆಗೆ ಅಲ್ಲ.”

ಆ ಮೇಲೆ ನಾನು ಕೇಳುವ ಕ್ರಮವೇ ಬದಲಾಯಿತು. ಮಾತಾಡುವವರು ಏನು ಮಾಡಿದರು ಎಂಬುದಕ್ಕಿಂತ ಮೊದಲು ಅವರ ಪ್ರಸಂಗ ಯಾವುದು ಎಂದು ಹುಡುಕುತ್ತೇನೆ. ಎಷ್ಟು ಜನ, ಎಷ್ಟು ದುಡ್ಡು, ಯಾರಿಗಾಗಿ, ಕೆಟ್ಟುಹೋದರೆ ಯಾರು ಎದ್ದು ಸರಿಮಾಡುತ್ತಾರೆ? ಅದನ್ನು ಹೇಳದ ಸಂಚಿಕೆಯನ್ನು ಹತ್ತು ನಿಮಿಷಕ್ಕೆ ಬಿಟ್ಟುಬಿಡುತ್ತೇನೆ. ಹೊಸ ಉಪಕರಣಗಳ ಸುದ್ದಿ ಹೇಳುವಂಥವನ್ನು ಹೆಚ್ಚುಕಡಿಮೆ ನಿಲ್ಲಿಸಿದೆ. ಆರು ತಿಂಗಳಲ್ಲಿ ಅವು ಹಳತಾಗುತ್ತವೆ. ಕೋಡನ್ನು ಕಿವಿಯಲ್ಲಿ ಕಲಿಯಲು ಆಗುವುದೂ ಇಲ್ಲ, ಅದಕ್ಕೆ ಕೀಲಿಮಣೆಯೇ ಬೇಕು. ಒಬ್ಬ ಮನುಷ್ಯ ಯಾಕೆ ಹಾಗೆ ತೀರ್ಮಾನಿಸಿದ ಎಂಬುದು ಮಾತ್ರ ಮಾತಿನಲ್ಲಿ ಸಿಗುವಷ್ಟು ಚೆನ್ನಾಗಿ ಪುಸ್ತಕದಲ್ಲಿಯೂ ಸಿಗುವುದಿಲ್ಲ.

ಹಾಗೆ ಕೇಳತೊಡಗಿದ ಮೇಲೆ ನನಗೆ ಅತಿ ಹತ್ತಿರವಾದದ್ದು ಆಡಮ್ ಗಾರ್ಡನ್ ಬೆಲ್ ನಡೆಸುವ ‘ಕೋರಿಕರ್ಸಿವ್’. ಒಂದು ತಂತ್ರಾಂಶದ ಹಿಂದಿನ ಮನುಷ್ಯರ ಕಥೆಯನ್ನು ಅವರು ಮೊದಲಿನಿಂದ ಹೇಳಿಸುತ್ತಾರೆ. 2021ರಲ್ಲಿ ಬಂದ, ‘ಎಸ್‌ಕ್ಯೂಲೈಟ್’ ಎಂಬ ಡೇಟಾಬೇಸಿನ ಕಥೆಯನ್ನು ನಾನು ಮೂರು ಸಲ ಕೇಳಿದ್ದೇನೆ. ಅದನ್ನು ಕಟ್ಟಿದ ರಿಚರ್ಡ್ ಹಿಪ್ ಅಮೆರಿಕದ ನೌಕಾಪಡೆಯ ಒಂದು ಯುದ್ಧನೌಕೆಗೆ ತಂತ್ರಾಂಶ ಬರೆಯುತ್ತಿದ್ದರು. ಹಡಗಿಗೆ ಪೆಟ್ಟು ಬಿದ್ದರೆ ಯಾವ ಕೊಳವೆಯ ಕವಾಟ ಮುಚ್ಚಬೇಕು, ಯಾವುದು ತೆರೆಯಬೇಕು ಎಂದು ಲೆಕ್ಕಹಾಕಿ ಹೇಳುವಂಥದ್ದು. ಮಾಹಿತಿಯೆಲ್ಲ ಬೇರೆ ಒಂದು ಡೇಟಾಬೇಸ್ ಸರ್ವರಿನಲ್ಲಿ. ಆ ಸರ್ವರ್ ನಿಂತಾಗೆಲ್ಲ ಇವರ ಪ್ರೋಗ್ರಾಮ್ ‘ಸಂಪರ್ಕ ಸಿಗಲಿಲ್ಲ’ ಎಂದು ತೋರಿಸುತ್ತಿತ್ತು, ಬೈಗುಳ ಇವರಿಗೆ. ಈ ಕೆಲಸಕ್ಕೆ ಸರ್ವರ್ ಯಾಕೆ ಬೇಕು, ಡಿಸ್ಕಿನ ಕಡತದಿಂದಲೇ ನೇರ ಓದಿದರೆ ಸಾಲದೇ ಎಂದು ಯೋಚಿಸಿದ್ದರಿಂದ 2000ದಲ್ಲಿ ಹುಟ್ಟಿದ್ದು ಎಸ್‌ಕ್ಯೂಲೈಟ್. ಇವತ್ತು ನಿಮ್ಮ ಕೈಯಲ್ಲಿರುವ ಫೋನಿನೊಳಗೂ ಅದು ಇದೆ.

ಕೇಳುವಾಗ ನನಗೆ ಒಣಮೆಣಸಿನ ಘಾಟು ಬಂತು. ಬಿಲ್ಲು ಎದ್ದು ದಾಸ್ತಾನು ಏಳದ ಆ ಸಂಜೆಯೂ ಇದೇ ಜಾತಿಯ ತೊಂದರೆ. ಹಳೆಯ ನಾನಾಗಿದ್ದರೆ ಮರುದಿನವೇ ಎಲ್ಲವನ್ನೂ ಎಸ್‌ಕ್ಯೂಲೈಟ್‌ಗೆ ಹಾಕೋಣ ಎನ್ನುತ್ತಿದ್ದೆ. ಈ ಸಲ ಪ್ರಸಂಗ ನೋಡಿದೆ. ಹಿಪ್ ಅವರ ಪ್ರೋಗ್ರಾಮಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಓದುವುದು. ನಮ್ಮ ಗೋದಾಮಿನಲ್ಲಿ ಹನ್ನೊಂದು ಜನ ಬೇರೆಬೇರೆ ಕಂಪ್ಯೂಟರುಗಳಿಂದ ಒಂದೇ ಹೊತ್ತಿಗೆ ಬರೆಯುತ್ತಾರೆ. ಅಂಥ ಕಡೆ ಸರ್ವರ್ ಇರುವ ಡೇಟಾಬೇಸೇ ಲೇಸು ಎಂದು ಎಸ್‌ಕ್ಯೂಲೈಟ್ ಕಟ್ಟಿದವರೇ ತಮ್ಮ ಕೈಪಿಡಿಯಲ್ಲಿ ಬರೆದಿದ್ದಾರೆ. ಆದ್ದರಿಂದ ಆರು ಸೇವೆಗಳನ್ನು ಮತ್ತೆ ಒಂದು ಪ್ರೋಗ್ರಾಮಾಗಿ ಸೇರಿಸಿ, ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೂರಿಸಿದೆವು. ಬಿಲ್ಲೂ ದಾಸ್ತಾನೂ ಒಂದೇ ವ್ಯವಹಾರದಲ್ಲಿ. ಒಂದು ಬರೆಯದಿದ್ದರೆ ಇನ್ನೊಂದೂ ಇಲ್ಲ. ಕರೆಂಟು ಈಗಲೂ ಹೋಗುತ್ತದೆ. ಮೂಟೆ ಎಣಿಸಲು ಮತ್ತೆ ಹೋಗಬೇಕಾಗಿ ಬಂದಿಲ್ಲ.

ಇನ್ನೆರಡನ್ನು ಹೇಳಲೇಬೇಕು. ಜ್ಯಾಕ್ ರೈಸೈಡರ್ 2017ರಲ್ಲಿ ಶುರುಮಾಡಿದ ‘ಡಾರ್ಕ್‌ನೆಟ್ ಡೈರೀಸ್’ ಕೇಳಿ ನನಗೆ ಭದ್ರತೆಯ ವಿಷಯದಲ್ಲಿ ನಿಜವಾದ ಹೆದರಿಕೆ ಹುಟ್ಟಿತು, ಹುಟ್ಟಬೇಕಾದದ್ದೇ. ‘ನಾಟ್‌ಪೆಟ್ಯಾ’ ಎಂಬ ಸೈಬರ್ ದಾಳಿಯ ಮೇಲಿನ ಅದರ ಸಂಚಿಕೆ ಕೇಳಿದ ಮೇಲೆ ಆ ಘಟನೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 2017ರ ಜೂನಿನ ಆ ದಾಳಿಯಲ್ಲಿ ಮೆರ್ಸ್ಕ್ ಹಡಗು ಕಂಪೆನಿಯ ಜಾಲವನ್ನು ನಡೆಸುವ ಮೂಲ ಮಾಹಿತಿ ಎಲ್ಲ ಕಡೆ ಅಳಿಸಿಹೋಗಿತ್ತು. ಘಾನಾದ ಒಂದು ಕಚೇರಿಯ ಪ್ರತಿ ಮಾತ್ರ ಉಳಿದಿತ್ತು, ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತಾದ್ದರಿಂದ. ಕರೆಂಟು ಹೋದದ್ದಕ್ಕೆ ಬೈಯುವ ಊರಿನವನಾದ ನಾನು ಆ ರಾತ್ರಿಯೇ ಒಂದು ನಿಯಮ ಮಾಡಿದೆ: ವಾರಕ್ಕೊಮ್ಮೆ ಬ್ಯಾಕಪ್ ತೆಗೆದು, ಡಿಸ್ಕನ್ನು ಕಳಚಿ, ಬೀರುವಿನಲ್ಲಿಡುವುದು. ಇನ್ನೊಂದು ‘ಸಾಫ್ಟ್ ಸ್ಕಿಲ್ಸ್ ಎಂಜಿನಿಯರಿಂಗ್’. ಕಚೇರಿಯ ಬದುಕಿನ ಪ್ರಶ್ನೆಗಳಿಗೆ ಇಬ್ಬರು ಗೆಳೆಯರ ಉತ್ತರ. ಸಂಬಳದ ಮಾತು ಎತ್ತುವುದು, ಮೇಲಿನವರಿಗೆ ಆಗದು ಎನ್ನುವುದು ಇವನ್ನೆಲ್ಲ ನಾನು ಅಲ್ಲಿಂದ ಕಲಿತೆ. ಕೆಲಸ ಬಿಟ್ಟುಬಿಡಿ ಎಂಬ ಅವರ ಸಲಹೆಯನ್ನು ಮಾತ್ರ, ಮನೆ ಸಾಲದ ಕಂತು ಕಟ್ಟುವ ನಮ್ಮಂಥವರು ಅವರ ಊರಿನ ಪ್ರಸಂಗವೆಂದೇ ಕೇಳಬೇಕು.

ನಾನು ಬಳಸುತ್ತಿದ್ದ ಆ್ಯಪ್ 2024ರಲ್ಲಿ ಮುಚ್ಚಿಹೋಯಿತು. ಈಗ ‘ಆ್ಯಂಟೆನಾಪಾಡ್’ ಎಂಬ ಮುಕ್ತ ತಂತ್ರಾಂಶ ಬಳಸುತ್ತೇನೆ. ಪಾಡ್‌ಕಾಸ್ಟ್ ಎಂದರೆ ಒಳಗೆ ಬರಿಯ ಒಂದು ಆರ್‌ಎಸ್‌ಎಸ್ ಫೀಡ್, ಅಂದರೆ ಸಂಚಿಕೆಗಳ ಪಟ್ಟಿ. ನೀವು ಕೇಳುವ ಪಾಡ್‌ಕಾಸ್ಟ್‌ಗಳ ಪಟ್ಟಿಯನ್ನು ಒಂದು ಕಡತವಾಗಿ ಇಳಿಸಿಟ್ಟುಕೊಂಡರೆ ಬೇರೆ ಹೆಚ್ಚಿನ ಆ್ಯಪ್‌ಗಳಿಗೆ ಒಯ್ಯಬಹುದು. ತಿಂಗಳಿಗೊಮ್ಮೆ ಇಳಿಸಿಡಿ.

ಇವೆಲ್ಲ ಇಂಗ್ಲಿಷಿನವು ಎಂಬ ನೋವು ನನಗುಂಟು. ಕನ್ನಡದಲ್ಲಿ ಗಂಭೀರ ವಿಷಯವನ್ನು ಸಲೀಸಾಗಿ ಮಾತಾಡಬಹುದು ಎಂಬುದಕ್ಕೆ ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ ಅವರ ‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟ್ ಸಾಕ್ಷಿ. ವಿಜ್ಞಾನ, ನೀತಿ, ಇತಿಹಾಸ ಎಲ್ಲ ಅಲ್ಲಿ ಬಂದಿವೆ. ನಮ್ಮ ಕೆಲಸದ ಬಗ್ಗೆ, ಡೇಟಾಬೇಸಿನ ಬಗ್ಗೆ, ಕೆಟ್ಟುಹೋದ ರಾತ್ರಿಗಳ ಬಗ್ಗೆ ಹಾಗೆ ಮಾತಾಡುವವರು ಬೇಕು. ತಾಳಮದ್ದಳೆಯಲ್ಲಿ ರಾಮನ ಪರ, ವಾಲಿಯ ಪರ ರಾತ್ರಿಯಿಡೀ ವಾದಿಸಿದ ಭಾಷೆಗೆ ಸರ್ವರ್ ಬೇಕೋ ಬೇಡವೋ ಎಂದು ವಾದಿಸಲು ಶಬ್ದ ಸಾಲದೆ ಹೋಗುವುದಿಲ್ಲ.

ಕಳೆದ ವರ್ಷ ನಮ್ಮಲ್ಲಿಗೆ ಇಬ್ಬರು ಹೊಸಬರು ಬಂದರು, ಉಪ್ಪಳದ ಹುಡುಗಿ ಮತ್ತು ಬದಿಯಡ್ಕದ ಹುಡುಗ. ಇಬ್ಬರೂ ಕನ್ನಡ ಮಾಧ್ಯಮ. ಇಬ್ಬರೂ ಕರೆಗಳಲ್ಲಿ ಮೌನ. ನಾನು ವಾರಕ್ಕೊಂದು ಸಂಚಿಕೆ ಆರಿಸಿ, ಅದರ ಸಾರವನ್ನು ಹತ್ತು ನಿಮಿಷ ಕನ್ನಡದಲ್ಲಿ ಹೇಳಿ, ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸತೊಡಗಿದೆ. ಮೊದಲು ನನ್ನದನ್ನು ಕೇಳಿ, ಆಮೇಲೆ ಮೂಲ ಕೇಳುತ್ತಾರೆ. ಹಿಪ್ ಅವರ ಹಡಗಿನ ಕಥೆ ಕಳಿಸಿದ ಮರುದಿನ ಬೆಳಗ್ಗೆ ರೈಲಿನಲ್ಲಿರುವಾಗ ಉಪ್ಪಳದ ಹುಡುಗಿಯ ಉತ್ತರ ಬಂತು, ಅದೂ ಧ್ವನಿಯಲ್ಲೇ: “ಅಣ್ಣಾ, ಆ ಹಡಗಿನಲ್ಲಿ ಒಂದೇ ಸಲಕ್ಕೆ ಎಷ್ಟು ಜನ ಬರೀತಿದ್ರು?”

ಆಗಲೇ ಸೇತುವೆ ಬಂತು. ಸದ್ದು ಇಳಿಯುವವರೆಗೆ ಕಾದು, ಫೋನು ಬಾಯಿಯ ಹತ್ತಿರ ಹಿಡಿದೆ.